ಜೀವಕೋಶದ ಹಾಳೆಯನ್ನು ಬಿಡಿಸಿದ ಬಗೆ: ಒಂದು ಪ್ರಯೋಗವಿಧಾನದ ಚರಿತ್ರೆ

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಪ್ರಯೋಗಶಾಲೆಯ ಒಂದು ತಟ್ಟೆಯನ್ನು ಕುರಿತು ಬರೆಯಹೊರಟಿರುವುದು ವಾಚಕರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ರಾಜವಂಶಗಳ ಕಾಲನಿರ್ಣಯ, ಶಾಸನಗಳ ಪಾಠಪರಿಷ್ಕಾರ ಮುಂತಾದವೇ ನಮ್ಮ ಕ್ಷೇತ್ರವೆಂಬ ಭಾವನೆ ಬಲವಾಗಿದೆ. ಆದರೆ ಒಂದು ಶಾಸನವನ್ನು ಮುಂದಿಟ್ಟುಕೊಂಡು ನಾವು ಕೇಳುವ ಪ್ರಶ್ನೆಗಳನ್ನೇ, ಎಂದರೆ ಇದನ್ನು ಯಾರು, ಎಂದು, ಯಾವ ಉದ್ದೇಶದಿಂದ ಮಾಡಿದರು, ಇದಕ್ಕೆ ಮೊದಲು ಏನಿದ್ದಿತು ಎಂಬುವನ್ನೇ, ವಿಜ್ಞಾನದ ಒಂದು ಉಪಕರಣವನ್ನು ಕುರಿತೂ ಕೇಳಬಹುದು. ಪ್ರಕೃತ ಲೇಖನದಲ್ಲಿ ನಾವು ವಿವೇಚಿಸತಕ್ಕ ಉಪಕರಣವೆಂದರೆ, ಉಷ್ಣತೆಯ ಏರಿಳಿತಕ್ಕೆ ತಕ್ಕಂತೆ ಗುಣವನ್ನು ಬದಲಿಸುವ ಪಾಲಿಮರಿನ ತೆಳುಲೇಪವನ್ನು ಪಡೆದ ತಟ್ಟೆ. ಅದರ ಮೇಲೆ ಜೀವಕೋಶಗಳನ್ನು ಬೆಳೆಸಿ, ತಟ್ಟೆಯನ್ನು ತುಸು ತಣಿಸಿದರೆ, ಬೆಳೆದ ಕೋಶಗಳು ಒಂದಕ್ಕೊಂದು ಹೊಂದಿಕೊಂಡಿರುವಂತೆಯೇ ಅಖಂಡವಾದ ಹಾಳೆಯಾಗಿ ಮೇಲಕ್ಕೆ ಬಿಡಿಸಿಕೊಳ್ಳುತ್ತವೆ.

ಈ ವಿಷಯದಲ್ಲಿ ಚರಿತ್ರಕಾರನ ಕುತೂಹಲವನ್ನು ಕೆರಳಿಸುವ ಸಂಗತಿಯೊಂದಿದೆ. ಪಾಲಿಮರಿನ ಈ ಉಷ್ಣಗುಣವು ೧೯೬೮ರಲ್ಲಿಯೇ ಪ್ರಕಟವಾಗಿದ್ದಿತು. ಜೀವಕೋಶಗಳಿಗೆ ಅದನ್ನು ಬಳಸಿದ ಮೊದಲ ಪ್ರಕಟನೆಗಳು ೧೯೯೦ರವು. ಎಲ್ಲರ ಕಣ್ಣೆದುರಿಗಿದ್ದ ವಸ್ತುವೊಂದು ಇಪ್ಪತ್ತೆರಡು ವರ್ಷಗಳ ಕಾಲ ಈ ಕೆಲಸಕ್ಕೆ ಒದಗದೆಹೋದುದೇಕೆ? ಒಬ್ಬ ಮೇಧಾವಿಯು ಒಂದು ದಿನ ಅದ್ಭುತ ಪದಾರ್ಥವನ್ನು ಕಂಡುಹಿಡಿದನು ಎಂಬ ರೂಢಿಯ ಕಥನವು ಇದಕ್ಕೆ ಉತ್ತರ ಕೊಡಲಾರದು. ಆ ಅವಧಿಯಲ್ಲಿ ವಸ್ತುವು ಬದಲಾಗಲಿಲ್ಲ. ಅದರಿಂದ ಏನನ್ನು ಬಯಸಬೇಕೆಂಬ ಪ್ರಶ್ನೆಯು ಬದಲಾಯಿತು ಎಂಬುದೇ ನಮ್ಮ ಅಭಿಪ್ರಾಯ.

ಪ್ರಾಣಿದೇಹದ ಅಂಗಾಂಶವನ್ನು ದೇಹದ ಹೊರಗೆ ಬದುಕಿಸಿ ಬೆಳೆಸಬಹುದೆಂಬುದನ್ನು ಅಮೆರಿಕದ ರಾಸ್ ಹ್ಯಾರಿಸನ್ನರು ೧೯೦೭ರಲ್ಲಿ ಕಪ್ಪೆಯ ಭ್ರೂಣದ ನರತಂತುಗಳ ಮೂಲಕ ತೋರಿಸಿಕೊಟ್ಟರು. ಅಂದಿನಿಂದ ಬೆಳೆದುಬಂದ ಈ ಕೃಷಿಯಲ್ಲಿ ಒಂದು ನಿಯಮವು ಮತ್ತೆ ಮತ್ತೆ ಕಂಡುಬರುತ್ತದೆ. ರಕ್ತಕಣಗಳಂಥವನ್ನು ಬಿಟ್ಟರೆ ಬಹುಪಾಲು ಕೋಶಗಳು ದ್ರವದಲ್ಲಿ ತೇಲಿಕೊಂಡು ಬಾಳಲಾರವು. ಅವಕ್ಕೆ ಕಾಲೂರಲು ನೆಲ ಬೇಕು. ತಟ್ಟೆಯ ತಳಕ್ಕೆ ಅವು ಅಂಟಿಕೊಂಡು, ಚಪ್ಪಟೆಯಾಗಿ ಹರಡಿ, ಫೈಬ್ರೊನೆಕ್ಟಿನ್ ಮೊದಲಾದ ಪ್ರೋಟೀನುಗಳನ್ನು ತಮ್ಮ ಅಡಿಯಲ್ಲಿ ಸುರಿಸಿ, ಅದರ ಆಧಾರದಿಂದ ನೆಲವನ್ನು ಹಿಡಿಯುತ್ತವೆ. ಸಂಖ್ಯೆ ಹೆಚ್ಚಿದಂತೆ ಪಕ್ಕದ ಕೋಶಗಳನ್ನೂ ಹಿಡಿದುಕೊಂಡು, ಕಡೆಗೆ ತಳವನ್ನೆಲ್ಲ ಆವರಿಸಿ ಒಂದೇ ಪದರವಾಗುತ್ತವೆ. ಬಿತ್ತನೆಯೂ ಬೆಳೆಯೂ ಹೀಗೆ ಸಾಧ್ಯವಾದರೂ ಕೊಯ್ಲು ಸುಲಭವಾಗಿರಲಿಲ್ಲ. ಕೋಶವು ಬದುಕಬೇಕಾದರೆ ಬಿಗಿಯಾಗಿ ಅಂಟಬೇಕು. ಅಂಟಿದುದನ್ನು ತೆಗೆಯಬೇಕಾದರೆ ಆ ಅಂಟನ್ನೇ ನಾಶಮಾಡಬೇಕು.

ನಾಶಮಾಡುವ ಉಪಾಯವು ಬಲುಬೇಗ ದೊರಕಿತು. ೧೯೧೬ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಪೇಟನ್ ರೌಸ್ ಮತ್ತು ಜೋನ್ಸ್ ಎಂಬ ವಿದ್ವಾಂಸರು ಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವದಿಂದ ಅಂಗಾಂಶವನ್ನು ಕರಗಿಸಿ, ಬಿಡಿಬಿಡಿಯಾದ ಸಜೀವ ಕೋಶಗಳನ್ನು ಪಡೆಯುವ ವಿಧಾನವನ್ನು ಪ್ರಕಟಿಸಿದರು. ಟ್ರಿಪ್ಸಿನ್ನು ಪ್ರೋಟೀನುಗಳನ್ನು ಕತ್ತರಿಸುತ್ತದೆ. ಕೋಶವನ್ನು ತಟ್ಟೆಗೆ ಹಿಡಿದಿರುವ ಪ್ರೋಟೀನು, ಕೋಶವನ್ನು ಕೋಶಕ್ಕೆ ಹಿಡಿದಿರುವ ಪ್ರೋಟೀನು, ಕೋಶದ ಹೊರಮೈಯಲ್ಲಿರುವ ಇತರ ಪ್ರೋಟೀನುಗಳು ಎಂಬ ಭೇದವನ್ನು ಅದು ಹೆಚ್ಚಾಗಿ ಎಣಿಸುವುದಿಲ್ಲ.

ಇದನ್ನು ಇಂದು ನಾವು ದೋಷವೆಂದು ಹೇಳುತ್ತೇವೆ. ಆದರೆ ಅಂದಿನ ಪ್ರಯೋಗಕಾರರ ದೃಷ್ಟಿಯಿಂದ ಅದು ದೋಷವಾಗಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಅವರಿಗೆ ಬೇಕಾಗಿದ್ದುದು ಬಿಡಿ ಕೋಶಗಳೇ. ೧೯೫೪ರಲ್ಲಿ ಪಿಟ್ಸ್‌ಬರ್ಗಿನ ಜೂಲಿಯಸ್ ಯಂಗ್ನರರು ಕೋತಿಯ ಮೂತ್ರಪಿಂಡದ ಅಂಗಾಂಶವನ್ನು ಟ್ರಿಪ್ಸಿನ್ನಿನಿಂದ ಬಿಡಿಸಿ, ಆ ಕೋಶಗಳನ್ನು ತಟ್ಟೆಗಳಲ್ಲಿ ಏಕಪದರವಾಗಿ ಬೆಳೆಸುವ ಕ್ರಮವನ್ನು ವ್ಯವಸ್ಥೆಗೊಳಿಸಿದರು. ಮರುವರ್ಷ ಬಳಕೆಗೆ ಬಂದ ಸಾಲ್ಕ್ ಪೋಲಿಯೊ ಲಸಿಕೆಯ ತಯಾರಿಕೆಗೆ ಈ ಕ್ರಮವು ಬಹುಮಟ್ಟಿಗೆ ಆಧಾರವಾಯಿತು. ಅಲ್ಲಿ ಕೋಶವು ವೈರಸ್ಸನ್ನು ಬೆಳೆಸುವ ಪಾತ್ರೆ ಮಾತ್ರ. ಅದು ತನ್ನ ನೆರೆಯ ಕೋಶದೊಡನೆ ಹೊಂದಿದ್ದ ಸಂಬಂಧವು ಯಾರಿಗೂ ಬೇಕಾಗಿರಲಿಲ್ಲ. ಅರ್ಧ ಶತಮಾನಕ್ಕೂ ಮಿಕ್ಕು ಟ್ರಿಪ್ಸಿನ್ನು ಪ್ರಶ್ನಾತೀತವಾಗಿ ಉಳಿದುದಕ್ಕೆ ಇದೇ ಕಾರಣ.

ಪ್ರಶ್ನೆಯು ಬದಲಾಗತೊಡಗಿದುದು ಸುಟ್ಟಗಾಯದ ರೋಗಿಗಳಿಂದ. ೧೯೭೫ರಲ್ಲಿ ರೈನ್‌ವಾಲ್ಡ್ ಮತ್ತು ಹೊವರ್ಡ್ ಗ್ರೀನ್ ಎಂಬುವರು ಮನುಷ್ಯಚರ್ಮದ ಮೇಲ್ಪದರದ ಕೋಶಗಳನ್ನು ಯಥೇಚ್ಛವಾಗಿ ಬೆಳೆಸುವ ಮಾರ್ಗವನ್ನು ಕಂಡುಹಿಡಿದರು. ಹೀಗೆ ಬೆಳೆದುದನ್ನು ಗಾಯದ ಮೇಲೆ ಹೊದಿಸಬೇಕಾದರೆ ಬಿಡಿ ಕೋಶಗಳಿಂದ ಪ್ರಯೋಜನವಿಲ್ಲ, ಪದರವೇ ಬೇಕು. ೧೯೭೯ರಲ್ಲಿ ಗ್ರೀನರು ಸಹೋದ್ಯೋಗಿಗಳೊಡನೆ ಡಿಸ್ಪೇಸ್ ಎಂಬ ಬೇರೊಂದು ಕಿಣ್ವವನ್ನು ಬಳಸಿ ಚರ್ಮದ ಪದರವನ್ನು ಇಡಿಯಾಗಿ ಎಬ್ಬಿಸಿದರು. ಇದು ಕೋಶಗಳ ಪರಸ್ಪರ ಬಂಧವನ್ನು ತಕ್ಕಮಟ್ಟಿಗೆ ಉಳಿಸಿ, ತಳದ ಬಂಧವನ್ನು ಕತ್ತರಿಸುತ್ತದೆ. ಶರೀರದ ಶೇಕಡಾ ೯೫ಕ್ಕೂ ಮಿಕ್ಕ ಭಾಗ ಸುಟ್ಟುಹೋಗಿದ್ದ ಇಬ್ಬರು ಬಾಲಕರನ್ನು ಅವರದೇ ಚರ್ಮದಿಂದ ಬೆಳೆಸಿದ ಇಂಥ ಪದರಗಳ ನೆರವಿನಿಂದ ಉಳಿಸಿಕೊಂಡ ವೃತ್ತಾಂತವು ಬಾಸ್ಟನ್ನಿನಿಂದ ೧೯೮೪ರಲ್ಲಿ ಪ್ರಕಟವಾಯಿತು. ಜೀವಕೋಶದ ಹಾಳೆಯ ಚರಿತ್ರೆಯನ್ನು ಬರೆಯುವವರು ಜಪಾನಿನಿಂದಲೇ ಆರಂಭಿಸುವ ವಾಡಿಕೆಯಿದೆ. ಹಾಗೆ ಮಾಡಿದರೆ ಗ್ರೀನರಿಗೆ ಅನ್ಯಾಯವಾದೀತು. ಪದರವನ್ನು ಪದರವಾಗಿಯೇ ಕೊಯ್ಯಬೇಕೆಂಬ ಬಯಕೆಯು ಅವರ ಪ್ರಯೋಗಶಾಲೆಯಲ್ಲಿ ಸ್ಪಷ್ಟರೂಪ ತಾಳಿದ್ದಿತು. ಆದರೆ ಅನೇಕ ಸ್ತರಗಳುಳ್ಳ ಗಟ್ಟಿಯಾದ ಚರ್ಮವು ತಡೆದುಕೊಂಡ ಕಿಣ್ವವನ್ನು ಹೃದಯದ, ಯಕೃತ್ತಿನ ಸೂಕ್ಷ್ಮವಾದ ಏಕಪದರಗಳು ತಡೆದುಕೊಳ್ಳಲಾರದಾದವು. ಅಲ್ಲದೆ ಪದರದ ತಳದಲ್ಲಿದ್ದ ಅಂಟು ಕಿಣ್ವಕ್ಕೆ ಬಲಿಯಾಗುತ್ತಿದ್ದುದರಿಂದ ಹೊಸ ನೆಲಕ್ಕೆ ಕಚ್ಚಿಕೊಳ್ಳುವ ಶಕ್ತಿಯೂ ಕುಂದುತ್ತಿದ್ದಿತು.

ಇನ್ನು ವಸ್ತುವಿನ ಕಡೆಗೆ ತಿರುಗೋಣ. ಅದರ ಪೂರ್ಣ ಹೆಸರು ಪಾಲಿ-ಎನ್-ಐಸೊಪ್ರೊಪೈಲ್‌ಅಕ್ರಿಲಮೈಡ್. ಇದರ ಪೂರ್ವಚರಿತ್ರೆಯಲ್ಲಿ ಗಾಂಭೀರ್ಯವೇನೂ ಇಲ್ಲ: ೧೯೫೭ರಷ್ಟು ಹಿಂದೆ ಇದಕ್ಕೆ ಇಲಿ ಹೆಗ್ಗಣಗಳನ್ನು ದೂರವಿಡುವ ಪದಾರ್ಥವೆಂದು ಒಂದು ಪೇಟೆಂಟು ದೊರೆತಿದ್ದಿತು. ೧೯೬೮ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಹೆಸ್ಕಿನ್ಸ್ ಮತ್ತು ಗಿಲೆಟ್ ಎಂಬುವರು ನೀರಿನಲ್ಲಿ ಇದರ ವರ್ತನೆಯನ್ನು ಪರೀಕ್ಷಿಸಿದರು. ಸಾಮಾನ್ಯವಾಗಿ ಪದಾರ್ಥಗಳು ಬಿಸಿ ಹೆಚ್ಚಿದಂತೆ ನೀರಿನಲ್ಲಿ ಹೆಚ್ಚು ಕರಗುತ್ತವೆ. ಸಕ್ಕರೆಯ ಪಾಕ ಮಾಡುವವರೆಲ್ಲರೂ ಇದನ್ನು ಬಲ್ಲರು. ಈ ಪಾಲಿಮರು ಇದಕ್ಕೆ ವಿರುದ್ಧ. ತಣ್ಣೀರಿನಲ್ಲಿ ಅದು ಕರಗಿರುತ್ತದೆ. ಸುಮಾರು ೩೨ ಡಿಗ್ರಿ ಸೆಂಟಿಗ್ರೇಡನ್ನು ದಾಟಿದೊಡನೆ ನೀರನ್ನು ಬಿಟ್ಟು ಮುದುಡಿಕೊಂಡು, ತಿಳಿಯಾದ ದ್ರಾವಣವನ್ನು ಹಾಲಿನಂತೆ ಬೆಳ್ಳಗೆ ಮಾಡುತ್ತದೆ. ಮತ್ತೆ ತಣಿಸಿದರೆ ಮತ್ತೆ ತಿಳಿ. ಟೊರಾಂಟೊದವರಿಗೆ ಇದು ಶುದ್ಧ ಭೌತರಸಾಯನದ ಸಮಸ್ಯೆ. ಮನುಷ್ಯದೇಹದ ಉಷ್ಣತೆಯು ೩೭ ಡಿಗ್ರಿ ಎಂಬುದು ಅವರಿಗೆ ತಿಳಿಯದ ವಿಷಯವಲ್ಲ. ಆದರೆ ಈ ಎರಡು ಅಂಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಪ್ರಸಂಗವು ಅವರಿಗೆ ಬರಲಿಲ್ಲ.

ಎಂಬತ್ತರ ದಶಕದಲ್ಲಿ ಈ ವಸ್ತುವಿನ ಸುತ್ತ ಚಟುವಟಿಕೆ ಹೆಚ್ಚಿತು. ಜಪಾನಿನಿಂದ ಹೋಗಿ ಅಮೆರಿಕದ ಮ್ಯಾಸಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ನೆಲೆಸಿದ್ದ ತೊಯೊಇಚಿ ತಾನಾಕಾರವರು ಅಂಟುಮುದ್ದೆಗಳು ಥಟ್ಟನೆ ಕುಗ್ಗುವ, ಹಿಗ್ಗುವ ವಿದ್ಯಮಾನವನ್ನು ೧೯೭೮ರಿಂದ ವಿವರಿಸುತ್ತ ಬಂದು, ೧೯೮೪ರಲ್ಲಿ ಹಿರೊಕಾವಾರೊಡನೆ ಈ ಪಾಲಿಮರಿನ ಮುದ್ದೆಯಲ್ಲಿಯೂ ಅದನ್ನು ತೋರಿಸಿದರು. ಉಷ್ಣತೆಗೆ ತಕ್ಕಂತೆ ಔಷಧವನ್ನು ಬಿಡುಗಡೆಮಾಡುವ ಮುದ್ದೆಗಳನ್ನು ಯೂಟಾ ವಿಶ್ವವಿದ್ಯಾನಿಲಯದಲ್ಲಿ ರೂಪಿಸುತ್ತಿದ್ದರು. ಅಲ್ಲಿ ಸಂಗ್ ವಾನ್ ಕಿಮ್ಮರೊಡನೆ ಕೆಲಸಮಾಡಿದವರಲ್ಲಿ ತೆರುವೊ ಒಕಾನೊ ಒಬ್ಬರು. ಒಕಾನೊರವರ ಮೊದಲಿನ ವ್ಯಾಸಂಗವನ್ನು ಇಲ್ಲಿ ನೆನೆಯಬೇಕು. ಟೋಕಿಯೊ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಯಾಸುಹಿಸಾ ಸಕುರಾಯ್‌ರವರ ಬಳಗದಲ್ಲಿ ಅವರು ಅಭ್ಯಸಿಸಿದ್ದುದು ರಕ್ತವು ಅಂಟದ, ಹೆಪ್ಪುಗಟ್ಟದ ಮೇಲ್ಮೈಗಳನ್ನು. ಉಳಿದವರು ಕೋಶಗಳನ್ನು ಅಂಟಿಸುವುದು ಹೇಗೆಂದು ಚಿಂತಿಸುತ್ತಿದ್ದಾಗ, ಅವು ಅಂಟದಿರುವುದು ಹೇಗೆಂಬುದನ್ನು ವರ್ಷಗಟ್ಟಲೆ ಚಿಂತಿಸಿದವರು ಅವರು. ಒಂದೇ ಮೇಲ್ಮೈ ಒಂದು ಹೊತ್ತಿನಲ್ಲಿ ಅಂಟಿಸಿಕೊಂಡು ಇನ್ನೊಂದು ಹೊತ್ತಿನಲ್ಲಿ ಬಿಡಬೇಕೆಂಬ ವಿಚಾರವು ಇಂಥ ಮನಸ್ಸಿಗೆ ಹೊಳೆದುದು ಆಕಸ್ಮಿಕವಲ್ಲವೆಂದು ನಾವು ಊಹಿಸುತ್ತೇವೆ.

೧೯೯೦ರಲ್ಲಿ ಜಪಾನಿನ ಎರಡು ಬಳಗಗಳು ಪ್ರತ್ಯೇಕವಾಗಿ ಫಲಿತಾಂಶಗಳನ್ನು ಪ್ರಕಟಿಸಿದುವು. ಒಂದು, ತಾಕೆಜಾವಾ, ಮೋರಿ, ಯೋಶಿಜಾತೊ ಎಂಬುವರದು. ಮತ್ತೊಂದು, ಯಮಾದಾ, ಒಕಾನೊ, ಸಕುರಾಯ್ ಮೊದಲಾದವರದು. ಇವರಲ್ಲಿ ಮೊದಲಿಗರಾರು ಎಂಬ ಜಗಳಕ್ಕೆ ನಾವು ಇಳಿಯುವುದಿಲ್ಲ. ಎರಡು ವಿಧಾನಗಳ ಭೇದವೇ ಹೆಚ್ಚು ಬೋಧಪ್ರದವಾಗಿದೆ. ತಾಕೆಜಾವಾರವರು ಪಾಲಿಮರನ್ನು ಕೊಲಾಜನ್ ಎಂಬ ಪ್ರೋಟೀನಿನೊಡನೆ ಬೆರೆಸಿ ತಟ್ಟೆಗೆ ಬಳಿದರು. ತಣಿಸಿದಾಗ ಪಾಲಿಮರು ಕರಗಿ, ಮೇಲೆ ಬೆಳೆದಿದ್ದ ಕೋಶಪದರವು ಕಳಚಿಕೊಂಡು ಕ್ರಮೇಣ ಉಂಡೆಯಾಯಿತು. ಒಕಾನೊರವರ ಬಳಗವು ಪಾಲಿಮರನ್ನು ಬಳಿಯಲಿಲ್ಲ, ತಟ್ಟೆಗೆ ಬೆಸೆಯಿತು. ಪಾಲಿಸ್ಟೈರೀನ್ ತಟ್ಟೆಯ ಮೇಲೆ ಪಾಲಿಮರಿನ ಮೂಲಘಟಕದ ದ್ರಾವಣವನ್ನು ಹರಡಿ, ಅದರ ಮೇಲೆ ಎಲೆಕ್ಟ್ರಾನುಗಳ ಕಿರಣವನ್ನು ಹಾಯಿಸಿದರೆ ಸರಪಳಿಗಳು ಬೆಳೆಯುತ್ತಲೇ ತಟ್ಟೆಗೆ ರಾಸಾಯನಿಕವಾಗಿ ಕಟ್ಟಿಕೊಳ್ಳುತ್ತವೆ. ಕಟ್ಟಿಕೊಳ್ಳದ ಶೇಷವನ್ನು ತಣ್ಣೀರಿನಿಂದ ತೊಳೆದುಬಿಡಬಹುದು. ಹೀಗಾದಾಗ ಕೋಶಗಳು ಹೊರಟುಹೋದರೂ ಪಾಲಿಮರು ತಟ್ಟೆಯಲ್ಲಿಯೇ ಉಳಿಯುತ್ತದೆ. ರೋಗಿಯ ದೇಹಕ್ಕೆ ಪರಕೀಯ ಪದಾರ್ಥವು ಸೇರಬಾರದೆಂಬ ವೈದ್ಯರ ಆಗ್ರಹಕ್ಕೆ ಒಪ್ಪುವುದು ಇದೇ. ಅವರು ಮೊದಲು ಬೆಳೆಸಿದುದು ದನದ ಯಕೃತ್ತಿನ ಕೋಶಗಳನ್ನು.

ವಿಧಾನದ ಅಂತರಂಗವು ಇಂತಿದೆ. ೩೭ ಡಿಗ್ರಿಯಲ್ಲಿ ಸರಪಳಿಗಳು ಮುದುಡಿ, ನೀರನ್ನು ಒಲ್ಲದ ಮೇಲ್ಮೈಯಾಗುತ್ತವೆ. ಕೋಶಗಳು ಅಂಟಿ ಬೆಳೆಯುತ್ತವೆ. ೨೦ ಡಿಗ್ರಿಯ ಆಸುಪಾಸಿಗೆ ಇಳಿಸಿದಾಗ ಸರಪಳಿಗಳು ನೀರನ್ನು ಹೀರಿ ನಿಮಿರಿಕೊಂಡು ಕೋಶಗಳ ಹಿಡಿತವನ್ನು ಸಡಿಲಿಸುತ್ತವೆ. ಆದರೆ ಕೋಶವು ಕಳಚಿಕೊಳ್ಳುವುದು ಎಲೆಯುದುರುವಂತೆ ಜಡವಾಗಿ ಅಲ್ಲ. ತನ್ನ ಒಳಗಿನ ಎಳೆಗಳನ್ನು ಎಳೆದುಕೊಂಡು ತಾನೇ ಮುದುಡುವುದರಿಂದ. ಕೋಶದ ಶಕ್ತ್ಯುತ್ಪಾದನೆಯನ್ನು ತಡೆದಾಗ ಈ ಬಿಡುಗಡೆಯೂ ತಡೆಹಿಡಿಯಲ್ಪಟ್ಟಿತು. ಇದು ತೊಂಬತ್ತರ ದಶಕದ ಪ್ರಯೋಗಗಳಿಂದ ತಿಳಿದುಬಂದ ಸಂಗತಿ. ಆದಕಾರಣ ತಣ್ಣಗೆ ಮಾಡಿದಷ್ಟೂ ಒಳ್ಳೆಯದೆಂಬ ಊಹೆ ಸರಿಯಲ್ಲ. ಲೇಪದ ದಪ್ಪವೂ ನಿರ್ಣಾಯಕವಾದುದು. ಮೀಟರಿನ ಶತಕೋಟಿಯ ಒಂದು ಭಾಗಕ್ಕೆ ನ್ಯಾನೋಮೀಟರು ಎಂದು ಹೆಸರು. ಸುಮಾರು ೧೫ ನ್ಯಾನೋಮೀಟರು ದಪ್ಪದ ಲೇಪಕ್ಕೆ ಕೋಶಗಳು ಅಂಟಿದುವು; ೩೦ರ ಹತ್ತಿರ ಹೋದಾಗ ಬೆಚ್ಚಗಿದ್ದರೂ ಅಂಟಲೇ ಇಲ್ಲವೆಂದು ೨೦೦೪ರಲ್ಲಿ ಪ್ರಕಟವಾದ ಅಳತೆಗಳಿಂದ ಕಂಡುಬರುತ್ತದೆ. ಇಂಥ ಸೂಕ್ಷ್ಮವು ಮೊದಲು ಕೈಗೆ ಹತ್ತಿ, ಬಳಿಕ ಬುದ್ಧಿಗೆ ಹತ್ತಿದುದು ಪ್ರಯೋಗವಿಜ್ಞಾನದ ಚರಿತ್ರೆಯಲ್ಲಿ ಅಪರೂಪವೇನೂ ಅಲ್ಲ. ಪ್ರಾಸಂಗಿಕವಾಗಿ ಹೇಳುವುದಾದರೆ, ಈ ಕುರಿತ ಬರಹಗಳಲ್ಲಿ 'ಕೋಣೆಯ ಉಷ್ಣತೆಗೆ ತಂದರೆ ಸಾಕು' ಎಂಬ ಮಾತು ಬರುತ್ತದೆ. ಆ ಕೋಣೆ ಟೋಕಿಯೊದ ಕೋಣೆ. ಏಪ್ರಿಲ್ ತಿಂಗಳಿನ ರಾಯಚೂರಿನಲ್ಲಿ ಹಾಗೆಯೇ ಹೊರಗಿಟ್ಟ ತಟ್ಟೆಯು ತನ್ನ ಹಾಳೆಯನ್ನು ಬಿಟ್ಟುಕೊಡಲಾರದು.

ಬಿಡಿಸಿಕೊಂಡ ಹಾಳೆಯ ಅಡಿಯಲ್ಲಿ, ಕೋಶಗಳು ಸುರಿಸಿದ್ದ ಅಂಟಿನ ಪ್ರೋಟೀನುಗಳು ಹಾಗೆಯೇ ಉಳಿದು ಬರುತ್ತವೆ. ಇದರ ಮಹತ್ವವು ಕಣ್ಣಿನ ಚಿಕಿತ್ಸೆಯಲ್ಲಿ ಪ್ರಕಟವಾಯಿತು. ಕಾರ್ನಿಯಾ ಎಂಬ ಪಾರದರ್ಶಕ ಭಾಗದ ಅಂಚಿನಲ್ಲಿರುವ ಮೂಲಕೋಶಗಳು ಸುಣ್ಣ, ಆಮ್ಲ ಮುಂತಾದವುಗಳಿಂದಲೋ ರೋಗದಿಂದಲೋ ನಾಶವಾದರೆ ಕಣ್ಣಿನ ಮೇಲೆ ಅಪಾರದರ್ಶಕ ಪೊರೆ ಬೆಳೆದು ದೃಷ್ಟಿ ಹೋಗುತ್ತದೆ. ಒಂದೇ ಕಣ್ಣು ಕೆಟ್ಟಿದ್ದರೆ ಮತ್ತೊಂದರಿಂದ ಮೂಲಕೋಶಗಳನ್ನು ತರಬಹುದು. ಎರಡೂ ಕೆಟ್ಟವರಿಗೆ ಆ ದಾರಿಯಿಲ್ಲ. ಒಸಾಕಾದ ಕೋಜಿ ನಿಶಿದಾ ಮತ್ತು ಸಂಗಡಿಗರು ಇಂಥ ನಾಲ್ವರು ರೋಗಿಗಳ ಬಾಯಿಯ ಒಳಪೊರೆಯಿಂದ ೩ ಮಿಲಿಮೀಟರು ಚೌಕದ ತುಣುಕನ್ನು ತೆಗೆದು, ಉಷ್ಣಸ್ಪಂದಿ ಮೇಲ್ಮೈಯ ಮೇಲೆ ಎರಡು ವಾರಗಳ ಕಾಲ ಬೆಳೆಸಿ, ದೊರೆತ ಹಾಳೆಯನ್ನು ಹೊಲಿಗೆಯಿಲ್ಲದೆಯೇ ಕಣ್ಣಿನ ಮೇಲೆ ಇರಿಸಿದರು. ೨೦೦೪ರಲ್ಲಿ ಪ್ರಕಟವಾದ ವರದಿಯಂತೆ ಒಂದು ವಾರದೊಳಗಾಗಿ ನಾಲ್ಕು ಕಣ್ಣುಗಳ ಮೇಲ್ಮೈಯೂ ಮುಚ್ಚಿಕೊಂಡಿತು. ಸರಾಸರಿ ೧೪ ತಿಂಗಳ ನಿರೀಕ್ಷಣೆಯಲ್ಲಿ ಪಾರದರ್ಶಕತೆಯು ಉಳಿದಿದ್ದಿತು. ನಾಲ್ವರು ರೋಗಿಗಳೆಂಬುದು ಸಣ್ಣ ಸಂಖ್ಯೆ. ಆದರೂ ಕಾಣದಿದ್ದವರು ಕಂಡರು ಎಂಬುದು ಸಣ್ಣ ಸಂಗತಿಯಲ್ಲ.

ಇದೇ ರೋಗಕ್ಕೆ ನಮ್ಮ ನೆರೆಯ ಹೈದರಾಬಾದಿನಲ್ಲಿ ಬೇರೊಂದು ಮಾರ್ಗವು ಬೆಳೆದುಬಂದಿತೆಂಬುದನ್ನು ಮರೆಯಲಾಗದು. ಎಲ್. ವಿ. ಪ್ರಸಾದ್ ನೇತ್ರಸಂಸ್ಥೆಯಲ್ಲಿ ವೀರೇಂದ್ರ ಸಾಂಗ್ವಾನ್ ಮತ್ತು ಗೀತಾ ವೇಮುಗಂಟಿಯವರ ಬಳಗವು ೨೦೦೧ರಿಂದ, ಕಣ್ಣಿನ ಅಂಚಿನ ಕೋಶಗಳನ್ನು ಗರ್ಭವನ್ನು ಸುತ್ತಿರುವ ಆಮ್ನಿಯಾನ್ ಪೊರೆಯ ಮೇಲೆ ಬೆಳೆಸಿ, ಪೊರೆಸಮೇತ ಕಸಿಮಾಡುತ್ತ ಬಂದಿತು. ಅಲ್ಲಿ ಬಿಡಿಸುವ ಪ್ರಶ್ನೆಯೇ ಇಲ್ಲ. ನೆಲವೂ ಪೈರಿನೊಡನೆ ಹೋಗುತ್ತದೆ. ೨೦೧೨ರಲ್ಲಿ ಸಾಂಗ್ವಾನರು ಪ್ರಕಟಿಸಿದ ಸರಳತರ ಕ್ರಮದಲ್ಲಂತೂ ಪ್ರಯೋಗಶಾಲೆಯ ಕೃಷಿಯನ್ನೇ ಬಿಟ್ಟು, ಅಂಗಾಂಶದ ಸಣ್ಣ ಚೂರುಗಳನ್ನು ನೇರವಾಗಿ ಕಣ್ಣಿನ ಮೇಲೆಯೇ ನೆಡಲಾಗುತ್ತದೆ. ಒಸಾಕಾದ ಹಾಳೆಯನ್ನು ಚರಿತ್ರೆಯ ಅನಿವಾರ್ಯ ಗುರಿಯೆಂಬಂತೆ ಚಿತ್ರಿಸುವವರು ಈ ಕವಲನ್ನು ಗಮನಿಸಿದಂತೆ ತೋರುವುದಿಲ್ಲ. ಖರ್ಚು ಕಡಮೆಯಿರಬೇಕಾದ ಆಸ್ಪತ್ರೆಯಲ್ಲಿ ಬೇರೆ ಪ್ರಶ್ನೆ, ಬೇರೆ ಉತ್ತರ.

ಅನ್ನನಾಳದ ಆರಂಭಾವಸ್ಥೆಯ ಅರ್ಬುದವನ್ನು ಕೆರೆದು ತೆಗೆದಮೇಲೆ ಆ ನಾಳವು ಕಿರಿದಾಗದಂತೆ ಬಾಯಿಯ ಕೋಶಗಳ ಹಾಳೆಯನ್ನು ಒಳಗೆ ಹೊದಿಸಿದ ಪ್ರಯತ್ನವೂ ಟೋಕಿಯೊದಲ್ಲಿ ನಡೆಯಿತು. ಒಂಬತ್ತು ರೋಗಿಗಳ ವರದಿ ೨೦೧೨ರಲ್ಲಿ ಬಂದಿತು. ಬಳಿಕ ಟೋಕಿಯೊದಲ್ಲಿ ಬೆಳೆಸಿದ ಹಾಳೆಗಳನ್ನು ವಿಮಾನದಲ್ಲಿ ದೂರದ ನಾಗಾಸಾಕಿಗೆ ಒಯ್ದು ಕಸಿಮಾಡಿದರು. ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ಬೆಚ್ಚಗೆ ಇಡಬೇಕಾಗಿದ್ದಿತು; ಮಧ್ಯದಲ್ಲಿ ತಣಿದರೆ ಹಾಳೆಯು ಅಕಾಲದಲ್ಲಿ ಕಳಚಿಕೊಂಡೀತು.

ಹೃದಯದ ಪ್ರಕರಣವು ಹೆಚ್ಚು ಜಟಿಲವಾದುದು. ತತ್ಸುಯಾ ಶಿಮಿಜು ಮತ್ತು ಸಂಗಡಿಗರು ಇಲಿಮರಿಗಳ ಹೃದಯಕೋಶಗಳ ಹಾಳೆಗಳನ್ನು ಒಂದರ ಮೇಲೊಂದು ಹೇರಿದಾಗ, ಅವು ಒಂದೇ ಲಯದಲ್ಲಿ ಮಿಡಿದುದನ್ನು ೨೦೦೨ರಲ್ಲಿ ವರದಿಮಾಡಿದರು. ರಕ್ತನಾಳಗಳಿಲ್ಲದೆ ಹೆಚ್ಚು ಹಾಳೆಗಳನ್ನು ಹೇರಲಾಗದು. ಒಳಗಿನ ಕೋಶಗಳು ಆಮ್ಲಜನಕವಿಲ್ಲದೆ ಸಾಯುತ್ತವೆ. ಮೂರು ಹಾಳೆಗಳ ಕಂತೆಯನ್ನು ಇಲಿಯ ದೇಹದಲ್ಲಿರಿಸಿ, ಅದಕ್ಕೆ ರಕ್ತನಾಳಗಳು ಹಬ್ಬಿದಮೇಲೆ ಮತ್ತೊಂದು ಕಂತೆ, ಹೀಗೆ ಹತ್ತು ಬಾರಿ ಶಸ್ತ್ರಕ್ರಿಯೆ ಮಾಡಿ ಸುಮಾರು ೧ ಮಿಲಿಮೀಟರು ದಪ್ಪದ ಮಿಡಿಯುವ ಅಂಗಾಂಶವನ್ನು ೨೦೦೬ರಲ್ಲಿ ಪಡೆದರು. ಈ ಸಂಖ್ಯೆಗಳು ಸಾಧನೆಯನ್ನೂ ಅದರ ಮೇರೆಯನ್ನೂ ಒಟ್ಟಿಗೆ ಹೇಳುತ್ತವೆ.

ಮನುಷ್ಯರಲ್ಲಿ ಬಳಸಿದುದು ಹೃದಯಕೋಶಗಳನ್ನಲ್ಲ, ರೋಗಿಯ ತೊಡೆಯ ಸ್ನಾಯುವಿನ ಎಳೆಗೋಶಗಳನ್ನು. ಒಸಾಕಾದ ಯೋಶಿಕಿ ಸಾವಾರವರು ೨೦೦೭ರಲ್ಲಿ ಇವುಗಳ ಹಾಳೆಗಳನ್ನು ಮೊದಲ ರೋಗಿಯ ಹೃದಯಕ್ಕೆ ಹೊದಿಸಿದರು. ಇವು ಹೃದಯಸ್ನಾಯುವಾಗಿ ಮಾರ್ಪಡುವುದಿಲ್ಲ. ಹೊಸ ರಕ್ತನಾಳಗಳನ್ನು ಪ್ರೇರಿಸುವ ದ್ರವ್ಯಗಳನ್ನು ಸುರಿಸುತ್ತವೆಂಬುದು ಅವರ ವಾದ. ಜಪಾನು ೨೦೧೪ರಲ್ಲಿ ಜಾರಿಗೆ ತಂದ ಕಾನೂನಿನಂತೆ, ಪರಿಣಾಮವು ಪೂರ್ಣವಾಗಿ ಸಿದ್ಧವಾಗುವ ಮೊದಲೇ ಇಂಥ ಚಿಕಿತ್ಸೆಗೆ ಷರತ್ತು ಮತ್ತು ಗಡುವುಗಳೊಡನೆ ಅನುಮತಿ ಕೊಡಬಹುದಾಗಿದ್ದಿತು. ಟೆರುಮೊ ಕಂಪನಿಯ 'ಹಾರ್ಟ್‌ಶೀಟ್' ಎಂಬ ಉತ್ಪನ್ನವು ಏಳು ರೋಗಿಗಳ ಪರೀಕ್ಷೆಯ ಆಧಾರದಿಂದ ೨೦೧೫ರ ಸೆಪ್ಟೆಂಬರಿನಲ್ಲಿ ಈ ಅನುಮತಿಯನ್ನು ಪಡೆಯಿತು. ಐದು ವರ್ಷಗಳ ಗಡುವನ್ನು ಬಳಿಕ ವಿಸ್ತರಿಸಲಾಯಿತು. ೨೦೨೪ರ ಜುಲೈನಲ್ಲಿ ಆರೋಗ್ಯ ಮಂತ್ರಾಲಯದ ತಜ್ಞಸಮಿತಿಯು, ಸಂಗ್ರಹಿಸಿದ ಫಲಿತಾಂಶಗಳಿಂದ ಪ್ರಯೋಜನವು ಸಿದ್ಧವಾಗಲಿಲ್ಲವೆಂದು ಪೂರ್ಣ ಅನುಮೋದನೆಯನ್ನು ನಿರಾಕರಿಸಿತು.

ಈ ತೀರ್ಪನ್ನು ಓದುವಾಗ ಎರಡು ತಪ್ಪುಗಳಿಗೆ ಅವಕಾಶವಿದೆ. ತಟ್ಟೆಯ ವಿಧಾನವೇ ಸೋತಿತೆಂಬುದು ಒಂದು. ಸಮಿತಿಯು ಅನಗತ್ಯವಾಗಿ ಕಠಿಣವಾಯಿತೆಂಬುದು ಇನ್ನೊಂದು. ತಟ್ಟೆಯು ತನ್ನ ಕೆಲಸವನ್ನು ಮಾಡಿತ್ತು: ಹಾಳೆಯನ್ನು ಅಖಂಡವಾಗಿ ಬಿಟ್ಟುಕೊಟ್ಟಿತ್ತು. ಆ ಹಾಳೆಯು ರೋಗಿಷ್ಠ ಹೃದಯದ ಮೇಲೆ ಏನು ಮಾಡೀತೆಂಬುದು ಬೇರೆಯ ಪ್ರಶ್ನೆ. ಅದನ್ನು ಏಳು ಜನರಿಂದ ನಿರ್ಣಯಿಸಲಾಗದೆಂಬುದು ೨೦೧೫ರಲ್ಲಿಯೂ ಗೊತ್ತಿದ್ದ ವಿಷಯವೇ. ಅನುಮತಿಯ ಆದೇಶದಲ್ಲಿಯೇ ಗಡುವನ್ನು ಬರೆದಿದ್ದುದು ಅದಕ್ಕಾಗಿ. ಎರಡು ಪ್ರಶ್ನೆಗಳನ್ನು ಒಂದಾಗಿ ಬೆಸೆದು, ಹಾಳೆ ಬಿಡಿಸಿಕೊಂಡ ಸಂಭ್ರಮವನ್ನು ಗುಣವಾದ ಸಂಭ್ರಮವೆಂಬಂತೆ ಬರೆದ ಬರಹಗಳು ಆ ಒಂಬತ್ತು ವರ್ಷಗಳಲ್ಲಿ ಕಡಮೆಯೇನೂ ಇರಲಿಲ್ಲ. ಇತ್ತ ೨೦೨೦ರ ಜನವರಿಯಲ್ಲಿಯೇ ಒಸಾಕಾ ವಿಶ್ವವಿದ್ಯಾನಿಲಯವು, ಐಪಿಎಸ್ ಕೋಶಗಳಿಂದ ಪಡೆದ ನಿಜವಾದ ಹೃದಯಸ್ನಾಯು ಕೋಶಗಳ ಹಾಳೆಯನ್ನು ರೋಗಿಯೊಬ್ಬರಿಗೆ ಕಸಿಮಾಡಿದುದಾಗಿ ಪ್ರಕಟಿಸಿದ್ದಿತು.